ಎರಡನೆಯ ಕೀಲಿಕೈ ಯಾರ ಹತ್ತಿರ?

ಪರದೆಯ ಮೇಲೆ ತನ್ನ ಹೆಸರು ಬರಬೇಕೆಂದು ಆಸೆಪಡುವವನು ಕರಾರಿಗೆ ಮುಂಚೆ ಪೇಂಟರನನ್ನು ಕರೆತಂದು ಎದುರಿಗೆ ಕೂಡಿಸಬೇಕು. ಹೆಸರು ಬರೆದು, ಬಣ್ಣ ಒಣಗಿದ ಮೇಲೆ ಕೈಗೆ ಕೈ ಕೊಡಬೇಕು. ನಾನು ಹಾಗೆ ಮಾಡಲಿಲ್ಲ. ಅದರಿಂದ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದವರಿಗೆ ಉಪಯೋಗವಾದರೆ ಆಗಲಿ.

ಮುಂಬೈ ಸರಕಾರ ಹೋಗಿ ಮೈಸೂರು ರಾಜ್ಯ ಬಂದ ಹೊಸತು. ನಾನು ಗೋಕಾಕದಲ್ಲಿ ನಾಟಕ ಕಂಪನಿಗಳಿಗೆ ಥೇಟರು ಕಟ್ಟಿಕೊಡುತ್ತಿದ್ದೆ. ಥೇಟರೆಂದರೆ ಬಿದಿರು, ತಗಡು, ಚಾಪೆ, ಹಗ್ಗ, ಅಷ್ಟೇ. ಕಂಪನಿ ಬಂದರೆ ಕಟ್ಟುವುದು, ಹೋದರೆ ಬಿಚ್ಚುವುದು. ಆ ವರ್ಷ ಬಂದ ಕಂಪನಿ ಮೂರು ವಾರದಲ್ಲೇ ಏದುಸಿರು ಬಿಡತೊಡಗಿತ್ತು. ದೇವರ ನಾಟಕ ಆಡಿದರೆ ಮುದುಕರು ಬಂದು ಕೈಮುಗಿದು ನಿದ್ದೆ ಹೋಗುತ್ತಿದ್ದರು, ಐತಿಹಾಸಿಕ ಆಡಿದರೆ ಅವರೂ ಬರುತ್ತಿರಲಿಲ್ಲ. ನನ್ನ ತಗಡುಗಳು ಖಾಲಿ ಕುರ್ಚಿಗಳಿಗೆ ನೆರಳು ಮಾಡಿಕೊಂಡು ನಿಂತಿದ್ದವು.

ಒಂದು ದಿನ ನಮ್ಮ ಮನೆಯಾಕೆ ಬಾವಿಕಟ್ಟೆಯಲ್ಲಿ ಹೆಂಗಸರ ಜೊತೆ ಜಗಳ ಆಡಿಕೊಂಡು ಬಂದಳು. ಹಿಂದಿನ ಕಂಪನಿಯ ಒಂದು ನಾಟಕದಲ್ಲಿ ತವರಿಗೆ ಹೋದ ಸೊಸೆ ಆಮೇಲೆ ಏನಾದಳು ಎಂಬುದು ಜಗಳ. ಒಬ್ಬಳು ಸತ್ತಳೆಂದರೆ ಇನ್ನೊಬ್ಬಳು ಬೇರೆಯವನ ಜೊತೆ ಓಡಿಹೋದಳೆಂದಿದ್ದಳಂತೆ. ನಾಟಕ ಮುಗಿದು ಆರು ತಿಂಗಳಾಗಿತ್ತು! ನನ್ನ ತಲೆಗೆ ಬೆಳಕು ಬಿದ್ದದ್ದು ಅಲ್ಲಿ. ಮರುದಿನ ಮಾಲಕನ ಹತ್ತಿರ ಹೋದೆ. ದೊಡ್ಡ ಮೈಯ ಮನುಷ್ಯ, ಮುದುಕರ ಪಾತ್ರವನ್ನೆಲ್ಲ ತಾನೇ ಮಾಡುತ್ತಿದ್ದ.

"ಮಾಲಕ್ರ, ನೀವು ಒಂದ ದಿನದಾಗ ಎಲ್ಲಾ ಬಡಿಸಿ ಬಿಡ್ತೀರಿ. ಉಂಡವ ಕೈ ತೊಳಕೊಂಡು ಹೋಗ್ತಾನ. ಅರ್ಧಾ ಬಡಿಸ್ರಿ."

"ಅರ್ಧಾ ಉಂಡವ ಬೈತಾನಲ್ಲೋ ತಮ್ಮಾ?"

"ಬೈಲಿ ಬಿಡ್ರಿ. ಬೈಯಾಕರ ಮುಂದಿನ ಸಂತಿಗೆ ಬರ್ತಾನಲ್ಲ."

ಯೋಜನೆ ಇಷ್ಟೇ. ಒಂದೇ ಕತೆ, ಸಂತೆಗೊಂದು ಕಂತು. ಆಟ ಮಧ್ಯಾಹ್ನ ನಾಲ್ಕಕ್ಕೆ. ಹಳ್ಳಿಯ ಗಾಡಿಗಳು ಕತ್ತಲಾಗುವ ಮುಂಚೆ ಊರು ಮುಟ್ಟಬೇಕು, ಇಲ್ಲವಾದರೆ ಹೆಂಗಸರು ಬರುವುದಿಲ್ಲ. ಹೆಂಗಸರು ಬಾರದ ನಾಟಕ ಉಪ್ಪಿಲ್ಲದ ಸಾರು. ಕತೆಯನ್ನೂ ನಾನೇ ಹೇಳಿದೆ. ಮುದಿ ಸಾವ್ಕಾರನೊಬ್ಬ ಚಿಕ್ಕ ಪ್ರಾಯದ ಎರಡನೆಯ ಹೆಂಡತಿಯನ್ನು ತಂದು, ಅನುಮಾನಕ್ಕೆ ಮುಂಬಾಗಿಲಿಗೊಂದು, ಹಿತ್ತಿಲ ಬಾಗಿಲಿಗೊಂದು ಎಂದು ಎರಡು ಕೀಲಿ ಹಾಕಿಸುತ್ತಾನೆ. ಒಂದರ ಕೀಲಿಕೈ ಅವನ ಉಡಿದಾರದಲ್ಲಿ. ಎರಡನೆಯದು ಕಳೆದುಹೋಗಿರುತ್ತದೆ. ಆದರೂ ಹಿತ್ತಿಲ ಬಾಗಿಲು ದಿನಾ ತೆರೆಯುತ್ತಿರುತ್ತದೆ! ಮೋಟಾರು ಡ್ರೈವರನ ಮೇಲೆ ಒಂದು ವಾರ ಅನುಮಾನ, ಮೈದುನನ ಮೇಲೆ ಒಂದು ವಾರ. ಕೀಲಿಕೈ ಇರುವುದು ಹಿರಿಯ ಹೆಂಡತಿಯ ಹತ್ತಿರ ಎಂಬ ಗುಟ್ಟು ಕೊನೆಯ ಕಂತಿಗೆ. ಗಂಡನ ಸೆರೆಯಿಂದ ಸವತಿಯನ್ನು ಸವತಿಯೇ ಬಿಡಿಸುತ್ತಿರುತ್ತಾಳೆ. ನಾಟಕಕ್ಕೆ 'ಎರಡು ಕೀಲಿಯ ಮನೆ' ಎಂದು ಹೆಸರಿಟ್ಟವನೂ ನಾನೇ.

ಮಾತು ಬರೆದವರು ಕಂಪನಿಯ ಮಾಸ್ತರರು. ಆಟದ ಹೊತ್ತಿನಲ್ಲಿ ರಂಗದ ಪಕ್ಕದ ವಿಂಗಿನ ಮರೆಯಲ್ಲಿ ಕೂತು ನಟರಿಗೆ ಮಾತು ಎತ್ತಿಕೊಡುವವರೂ ಅವರೇ. ತೆಳ್ಳಗಿನ ಆಸಾಮಿ, ಹಣೆ ತುಂಬ ವಿಭೂತಿ, ಎದೆಯಲ್ಲಿ ಸದಾ ಒಂದು ಒಣ ಕೆಮ್ಮು.

ಕರಾರಿನ ಮಾತು ಬಂತು. "ಅರ್ಧಾ ಬಾಡಗಿಗೆ ಥೇಟರ ಕೊಡ್ತೀನಿ. ಬದಲಿಗಿ ಅಂಕದ ಪರದೆ ಮ್ಯಾಲ 'ಕತೆ' ಅಂತ ಬರದು ಕೆಳಗ ನನ್ನ ಹೆಸರು ಬರಸ್ರಿ" ಎಂದೆ. ನಾಲ್ಕನೆಯ ಇಯತ್ತೆ ಬಿಟ್ಟವನ ಹೆಸರು ಆಳೆತ್ತರದ ಅಕ್ಷರದಲ್ಲಿ ಊರ ಮುಂದೆ ನಿಲ್ಲಬೇಕೆಂಬುದು ನನ್ನ ಆಸೆ. ನಾನು ಎತ್ತಿನ ಸಂತೆಯಲ್ಲಿ ಬೆಳೆದವನು. ಅಲ್ಲಿ ವ್ಯವಹಾರ ಟಾವೆಲ್ಲಿನ ಕೆಳಗೆ. ನಿನ್ನ ಬೆರಳು ನಾನು ಹಿಡಿಯುವುದು, ನನ್ನ ಬೆರಳು ನೀನು ಹಿಡಿಯುವುದು, ಹಿಡಿದ ಬೆರಳಿನ ಲೆಕ್ಕವೇ ದರ, ಬಾಯಿ ಮುಚ್ಚಿರುವುದು. ಅದಾದ ಮೇಲೆ ಮಾತು ತಪ್ಪಿದವ ಸಂತೆಗೆ ಮುಖ ತೋರಿಸುವಂತಿಲ್ಲ. ಟಾವೆಲ್ಲು ಹಾಸಿ ಕೈ ಒಳಗಿಟ್ಟೆ. ಮಾಲಕ ನಗುತ್ತ ನನ್ನ ಕೈ ಅಮುಕಿದ. ಮಾಸ್ತರರು ನೋಡುತ್ತ ಕುಳಿತಿದ್ದರು.

ಮೊದಲ ಕಂತಿಗೆ ಕಾಲು ಭಾಗ ಜನ. ಎರಡನೆಯದರಲ್ಲಿ ಚಿಕ್ಕ ಹೆಂಡತಿಯ ಕಾಲಿಗೆ ಚುಚ್ಚಿದ ಮುಳ್ಳನ್ನು ಡ್ರೈವರ ತೆಗೆದ. ಮುಳ್ಳು ಬರುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಹಾರ್ಮೋನಿಯಂ ಪೇಟಿಯವನು ನುಡಿಸುತ್ತಲೇ ಇದ್ದ, ಆಕೆ ತುಟಿ ಕಚ್ಚುತ್ತಲೇ ಇದ್ದಳು. ಮೂರನೆಯ ಸಂತೆಗೆ ಥೇಟರಿನ ಒಂದು ಬಾಜೂ ಒಡೆದು ದೊಡ್ಡದು ಮಾಡಬೇಕಾಯಿತು. ಊರ ಹಿರಿಯರು ಮಾಮ್ಲೇದಾರ ಕಚೇರಿಗೆ ಅರ್ಜಿ ಹಾಕಿದರು. ಹೆಣ್ಣುಮಕ್ಕಳು ಕೆಡುತ್ತಾರೆ, ಡ್ರೈವರುಗಳು ಕೊಬ್ಬುತ್ತಾರೆ ಎಂದು. ಅರ್ಜಿ ಸುದ್ದಿಯಾದ ವಾರವೇ ಕೊಣ್ಣೂರಿನಿಂದ ಗಾಡಿಗಳ ಸಾಲು ಬಂತು. ಅರ್ಜಿಗೆ ಸಹಿ ಮಾಡಿದವರಲ್ಲಿ ಇಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರು. ಕೇಳಿದರೆ, "ಇನ್ನೂ ಎಷ್ಟ ಕೆಟ್ಟೈತಿ ಅಂತ ನೋಡಬೇಕಲ್ಲೋ" ಎಂದರು.

ನಾನು ಪ್ರತಿ ಸಂತೆಗೂ ಪರದೆ ನೋಡುತ್ತಿದ್ದೆ. ಹಳೆಯ ನವಿಲು, ಹಳೆಯ ಕಾರಂಜಿ. "ಪೇಂಟರ ಬೆಳಗಾವಿಯಿಂದ ಬರಬೇಕೋ ತಮ್ಮಾ. ಮೂಡಲಗಿ ಮೊಕ್ಕಾಮಿಗೆ ಹೊಸಾ ಪರದೆನ ಹಾಕಸ್ತೀನಿ" ಎನ್ನುತ್ತಿದ್ದ ಮಾಲಕ. ಪರವಾನಗಿ ಮುಗಿಯಿತು, ಕೀಲಿಕೈಯ ಗುಟ್ಟು ಬಿಚ್ಚುವ ಮುಂಚೆಯೇ ಕಂಪನಿ ಗೋಕಾಕದಿಂದ ಎದ್ದಿತು. ಮೂಡಲಗಿಯಲ್ಲೂ ಥೇಟರು ನನ್ನದೇ. ಅಲ್ಲಿ ಹೊಸ ಜನಕ್ಕೆ ಮೊದಲನೆಯ ಕಂತಿನಿಂದ ಶುರು.

ಹೊಸ ಪರದೆ ಬಂತು. ಅದರ ಮೇಲೆ 'ಕತೆ' ಎಂದಿತ್ತು. ಕೆಳಗೆ ಮಾಲಕನ ಅಳಿಯನ ಹೆಸರಿತ್ತು. ಆ ಅಳಿಯ ನಾಟಕವನ್ನು ಒಮ್ಮೆಯೂ ಪೂರ್ತಿ ನೋಡಿದವನಲ್ಲ.

"ಮಾಲಕ್ರ, ಟಾವೆಲ್ ಕೆಳಗ ಕೈ ಕೊಟ್ಟೀರಿ."

"ಕೊಟ್ಟೇನಿ. ಬಾಡಗಿ ಅರ್ಧಾ ಅಂತ ಬೆರಳ ಹಿಡದೇನಿ. ಬೆರಳಾಗ ಹೆಸರ ಹ್ಯಾಂಗ ಹೇಳಾಕ ಬರ್ತೈತೋ ಹುಚ್ಚಾ?" ಎಂದು ಎಲ್ಲ ನಟರ ಮುಂದೆ ನಕ್ಕ. ನಟರೂ ನಕ್ಕರು. ನಾನು ಮಾಸ್ತರರ ಕಡೆ ನೋಡಿದೆ. ಅವರು ನಾಟಕದ ಬುಕ್ಕಿನಿಂದ ತಲೆ ಎತ್ತಲಿಲ್ಲ. ಅವರ ತಾಟಿನಲ್ಲಿದ್ದ ಅನ್ನ ಮಾಲಕನದು. ನನಗೆ ಅದು ಗೊತ್ತಿತ್ತು. ಆದರೂ ಆ ಹೊತ್ತಿಗೆ ಅವರ ಮೇಲೂ ಸಿಟ್ಟು ಬಂತು.

ಅವನು ಹೇಳಿದ್ದು ಖರೆ. ಟಾವೆಲ್ಲಿನ ಕೆಳಗೆ ಅಂಕಿ ಹೇಳಬಹುದು, ಅಕ್ಷರ ಹೇಳಲಾಗದು. ಎತ್ತಿಗೆ ಸರಿಹೋಗುವ ಕರಾರು ಹೆಸರಿಗೆ ಸರಿಹೋಗುವುದಿಲ್ಲ. ಮನೆಗೆ ಬಂದು ಹೇಳಿದರೆ ಮನೆಯಾಕೆ, "ನಿಮ್ಮ ಹೆಸರ ಪರದೆ ಮ್ಯಾಲ ಬಂದ್ರ ನನ್ನ ಹಂಚಿನಾಗ ರೊಟ್ಟಿ ದೊಡ್ಡದಾಗ್ತಿತ್ತೇನು? ಬಿಡ್ರಿ" ಎಂದಳು. ನಾನು ಬಿಡಲಿಲ್ಲ. ತಗಡು ಕಿತ್ತುಕೊಂಡು ಹೋಗಬಹುದಿತ್ತು. ಆದರೆ ಬೇರೆಯವನ ಹತ್ತಿರ ತಗಡು ಸಿಗುತ್ತವೆ, ಅವನಿಗೆ ಒಂದು ದಿನದ ತೊಂದರೆ ಅಷ್ಟೇ. ವೈರಿಯನ್ನು ಹೊಡೆಯುವುದಾದರೆ ಅವನು ಮಾರುವ ಸರಕನ್ನು ಹೊಡೆಯಬೇಕು. ಅವನು ಮಾರುತ್ತಿದ್ದದ್ದು 'ಮುಂದೇನು?' ಎಂಬ ಒಂದೇ ಮಾತು.

ಮುಂದಿನ ಸಂತೆಗೆ ಬೆಳಿಗ್ಗೆಯೇ ಮೂಡಲಗಿಗೆ ಹೋಗಿ ಒಂದು ಡಬ್ಬಿಯ ಮೇಲೆ ನಿಂತೆ. "ಇವತ್ತಿನ ಆಟದಾಗ ಡ್ರೈವರ ಮುಳ್ಳ ತಗೀತಾನ! ಕೊನಿಗಿ ಯಾರೋ ಬಾಗಲಾ ಬಡದಕೂಡ್ಲೆ ಘಂಟಿ ಹೊಡದ ಪರದೆ ಬಿಡ್ತಾರ, ಬಡದವ ಮೈದುನ! ನೋಡಾಕ ಹೋಗಬ್ಯಾಡ್ರಿ, ನಾ ಹೇಳೇನಿ!" ಎಂದು ಇಡೀ ಕಂತು ಹೇಳಿಬಿಟ್ಟೆ. ಮಧ್ಯಾಹ್ನ ಬಂದವರು ನಟರಿಗಿಂತ ಮುಂಚೆ ಮಾತು ಕೂಗುತ್ತಿದ್ದರು. ಕೀಲಿಕೈ ಗುಟ್ಟನ್ನು ಮಾತ್ರ ನಾನು ಬಿಡಲಿಲ್ಲ. ವ್ಯಾಪಾರಿ ಎಲ್ಲ ಸರಕನ್ನೂ ಒಂದೇ ದಿನ ಹರವಬಾರದು.

ಎರಡು ಸಂತೆ ಹೀಗಾದ ಮೇಲೆ ಮಾಲಕ ಕತೆ ಬದಲಿಸಿದ. ಮೂಲ ಕತೆ ನನಗೆ ಗೊತ್ತಿತ್ತು, ಬದಲಿಸಿದ್ದು ಹೇಗೆ ಗೊತ್ತಾಗಬೇಕು? ಇಲ್ಲಿ ನನ್ನ ಸಂತೆಯ ಬುದ್ಧಿ ಕೆಲಸಕ್ಕೆ ಬಂತು. ನಾಟಕಕ್ಕೆ ಬೇಕಾದ ಸಾಮಾನು ಪೇಟೆಯಿಂದಲೇ ಬರಬೇಕು. ಕಂಪನಿಯ ಅಡುಗೆಯವನೇ ಸಾಮಾನು ತರುವವನು. ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆದರೆ ಸಾಕಿತ್ತು. ತೊಟ್ಟಿಲು ಬಾಡಿಗೆಗೆ ಒಯ್ದನೋ, ಹೆರಿಗೆ. ಖಾಕಿ ಅಂಗಿ ಹೊಲಿಸಿದನೋ, ಪೊಲೀಸ. ಹಸಿರು ಬಳೆ ತಂದನೋ, ಕುಬಸದ ಶಾಸ್ತ್ರ, ಅಂದರೆ ಚಿಕ್ಕ ಹೆಂಡತಿ ಬಸುರಿ. ನೋಡಿ ಬಂದು ಡಬ್ಬಿ ಹತ್ತುತ್ತಿದ್ದೆ. ಹತ್ತಕ್ಕೆ ಎಂಟು ಸಲ ಸರಿಯಾಗುತ್ತಿತ್ತು.

ಮಾಲಕನಿಗೆ ವಾಸನೆ ಹತ್ತಿತು. ಸುಳ್ಳು ಸಾಮಾನು ಕೊಳ್ಳತೊಡಗಿದ. ಒಂದು ವಾರ ತೊಟ್ಟಿಲು ಮೆರವಣಿಗೆ ಮಾಡಿಸಿದ. ನಾನು ಹೆರಿಗೆ ಎಂದು ಸಾರಿದೆ. ಆಟದಲ್ಲಿ ತೊಟ್ಟಿಲೇ ಇಲ್ಲ. ಜನ ನನ್ನನ್ನು ನೋಡಿ ನಕ್ಕರು. ಆದರೆ ಸಾಮಾನು ಬಾಡಿಗೆಗೆ ಬಂದಾಗಿತ್ತಲ್ಲ, ಮುಂದಿನ ವಾರ ತೊಟ್ಟಿಲಿಗಾಗಿಯೇ ಒಂದು ಕೂಸು ಹುಟ್ಟಿಸಿದ. ಹಿಂದಿನ ಕಂತಿನಲ್ಲಿ ಸಾಯಿಸಿದ್ದ ಡ್ರೈವರನಿಗೆ ಒಬ್ಬ ಅವಳಿ ತಮ್ಮ ಬಂದ. ಮೈದುನ ಸನ್ಯಾಸಿಯಾದ, ಸನ್ಯಾಸಿ ಪೊಲೀಸನಾದ. ಗೋಕಾಕದಿಂದ ಗುಟ್ಟು ತಿಳಿಯಲು ಬಂದ ಹೆಂಗಸರೂ ಕಲ್ಲೋಳಿಯ ಹೆಂಗಸರೂ ಥೇಟರಿನ ಮುಂದೆಯೇ ಕೈ ಕೈ ಮಿಲಾಯಿಸಿದರು. "ನಮ್ಮೂರಾಗ ಆಕಿ ಇಷ್ಟ ಹಲ್ಕಟ್ ಇರಲಿಲ್ಲವಾ!" "ನಿಮ್ಮೂರಾಗ ಸರಿಯಾಗಿ ನೋಡಿಲ್ಲ ತೊಗೊ!"

ನೋಡಿ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಒಂದು ಸಂತೆಗೆ ಚಿಕ್ಕ ಹೆಂಡತಿಯ ಪಾತ್ರ ಮಾಡುವ ನಟಿ, ಕಂಪನಿಯವರೆಲ್ಲ 'ಬಾಯಿ' ಎಂದು ಕರೆಯುವಾಕೆ, ನನ್ನನ್ನು ಹುಡುಕಿಕೊಂಡು ಬಂದರು. ಪಾತ್ರಕ್ಕೆ ಹದಿನೆಂಟು, ಆಕೆಗೆ ನಲವತ್ತರ ಹತ್ತಿರ. ಬಣ್ಣವಿಲ್ಲದ ಮುಖ ದಣಿದಿತ್ತು.

"ಅಣ್ಣಾರ, ಈ ವಾರ ನನ್ನ ಬಸರಿ ಮಾಡ್ತೀರೋ, ಮುಂದಿನ ವಾರ ಮಾಡ್ತೀರೋ? ಹೇಳಿದ್ರ ನಾನೂ ಸ್ವಲ್ಪ ತಯಾರಾಗ್ತೇನಿ."

ಸುತ್ತಲಿದ್ದವರು ಗೊಳ್ಳೆಂದರು. ನಾನೂ ನಕ್ಕೆ. ಆಕೆ ನಗಲಿಲ್ಲ. "ನೀವ ಡಬ್ಬಿ ಹತ್ತಿ ಇಳೀತೀರಿ, ಮಾಲಕ್ರು ಬಾಯಿ ಮಾಡಿ ಬಿಡ್ತಾರ. ನಡುವ ಬರಿಯಾವ್ರ ಮಾಸ್ತರ. ಒಂದು ಕಂತ ಮೂರ ಸರತಿ ಬರೀತಾರ, ಎಲ್ಲಾರ ಪಾಠದ ನಕಲೂ ಅವರ ಮಾಡಬೇಕು. ಕೆಮ್ಮಿದ್ರ ವಸ್ತ್ರ ಕೆಂಪಾಗಾಕತ್ತೈತಿ. ನಿಮ್ಮ ಜಗಳ ನೀವ ಆಡ್ರಿ, ಅವರ ಮ್ಯಾಲ ಹೊರಸಬ್ಯಾಡ್ರಿ."

"ಹೊರಸಿದಾವ ನಾ ಅಲ್ಲ ಬಾಯಾರ. ಪರದೆ ಮ್ಯಾಲ ಸುಳ್ಳ ಹೆಸರ ಬರಸಿದಾವ" ಎಂದೆ. ಆಕೆ ಸೆರಗು ಹೊದ್ದು ಹೊರಟುಹೋದರು. ಅಂದೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಮೂಡಲಗಿಯಲ್ಲಿ ಮುಂದಿನ ಸಾಲು ಕೂಡ ಖಾಲಿಯಾದ ಮೇಲೆ ಕಂಪನಿ ಹುಕ್ಕೇರಿಗೆ ಹೋಯಿತು. ಬೇರೆಯವನ ಥೇಟರು, ಹರಿದ ಚಾಪೆ. ನಾನು ಬಿದಿರಿನ ವ್ಯಾಪಾರದ ನೆಪ ಮಾಡಿಕೊಂಡು ಅಲ್ಲಿಗೂ ಹೋದೆ. ಅಲ್ಲೂ ಮೊದಲಿನಿಂದ ಶುರುಮಾಡಿ ಕೆಲವು ವಾರವಾದ ಮೇಲೆ, ಈ ಸಂತೆಗೆ ಕೊನೆಯ ಕಂತು ಬರುತ್ತದೆ, ಎರಡನೆಯ ಕೀಲಿಕೈ ಗುಟ್ಟು ಬಿಚ್ಚುತ್ತದೆ ಎಂದು ಮಾಲಕ ಹ್ಯಾಂಡಬಿಲ್ಲು ಹಂಚಿದ್ದ. ಟಾಂಗಾದಲ್ಲಿ ಡೋಲು ಬಾರಿಸಿ ಘೋಡಗೇರಿಯವರೆಗೂ ಸಾರಿಸಿದ್ದ.

ಆ ಸಂತೆಯ ಬೆಳಿಗ್ಗೆ ಅಡುಗೆಯವನು ಪೇಟೆಗೆ ಬಂದ. ನಾನು ಮರೆಯಲ್ಲಿ ನಿಂತೆ. ಬಿಳಿ ಬಟ್ಟೆ ಹರಿಸಿದ. ವಿಭೂತಿ ಗಟ್ಟಿ, ಪತ್ರಿ, ಎರಡು ಪುಟ್ಟಿ ಹೂವು ಕೊಂಡ. ನಾನು ಇಟ್ಟಿದ್ದ ಬಿದಿರಿನ ರಾಶಿ ತಪ್ಪಿಸಿ ಇನ್ನೊಬ್ಬನ ಹತ್ತಿರ ನಾಲ್ಕು ಬಿದಿರು ತೆಗೆದುಕೊಂಡ. ಇಷ್ಟು ಸ್ಪಷ್ಟವಾದ ಸಾಮಾನು ನನಗೆ ಎಂದೂ ಸಿಕ್ಕಿರಲಿಲ್ಲ. ಡಬ್ಬಿ ಹತ್ತಿದೆ.

"ಸಾವ್ಕಾರ ಇವತ್ತ ಸಾಯ್ತಾನ್ರೋ! ಬಿಳಿ ಬಟ್ಟಿ ಬಂದೈತಿ, ಬಿದಿರ ಬಂದೈತಿ! ಹೋಗಿ ಮಣ್ಣ ಕೊಟ್ಟ ಬರ್ರಿ!"

ಜನಕ್ಕೆ ಉಮೇದು ಬಂತು. ನೂರಾರು ಮಂದಿ ಸೀಟಿ ಹೊಡೆಯುತ್ತ, "ಸಾವ್ಕಾರ ಸತ್ತನಂತ!" ಎಂದು ಕೇಕೆ ಹಾಕುತ್ತ ಥೇಟರಿನ ಕಡೆ ನಡೆದರು. ಮಾಲಕನ ಮುಖ ನೋಡಬೇಕೆಂದು ನಾನೂ ಹೋದೆ.

ಥೇಟರಿನ ಮುಂದೆ ಬಿದಿರ ಕಂಬಕ್ಕೆ ಆನಿಸಿ, ಅದೇ ಬಿಳಿ ಬಟ್ಟೆ ಹೊದಿಸಿ ಮಾಸ್ತರರನ್ನು ಕೂಡಿಸಿದ್ದರು. ಹಣೆಗೆ ವಿಭೂತಿ ಅವರೇ ಹಚ್ಚಿಕೊಂಡಷ್ಟು ನೆಟ್ಟಗಿತ್ತು. ಕೇಕೆ ಹಾಕುತ್ತ ಬಂದವರು ಮುಂದಿನಿಂದ ಹಿಂದಕ್ಕೆ ಒಬ್ಬೊಬ್ಬರಾಗಿ ಸುಮ್ಮನಾದರು. ಹಿಂದಿದ್ದವರಿಗೆ ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಗೆ ಕೇಳಿಸುತ್ತಲೇ ಇತ್ತು.

ಬಾಯಿ ನನ್ನನ್ನು ನೋಡಿ ಮೆಲ್ಲಗೆ ಹೇಳಿದರು: "ಬರ್ರಿ ಅಣ್ಣಾರ. ಈ ಕಂತೂ ನಿಮಗ ಮೊದಲ ಗೊತ್ತಾಗಿತ್ತಲ್ಲ."

ನಾನು ಮಣ್ಣು ಕೊಟ್ಟು ಬಂದೆ. ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಂಡೆ: ಇವರನ್ನು ಕೊಂದವನು ಮಾಲಕ, ಮೂರು ಮೂರು ಸಲ ಬರೆಸಿ ಕೊಂದ. ಹಾಗೆ ಹೇಳಿಕೊಂಡರೆ ನಡೆಯಲು ಅನುಕೂಲವಾಗುತ್ತಿತ್ತು.

ನಾಲ್ಕನೆಯ ದಿನ ಮಾಲಕ ನಾನು ಇಳಿದ ಖೋಲಿಗೆ ಬಂದ. ಆ ದೊಡ್ಡ ಮೈ ಇಳಿದಿತ್ತು. "ಮುಂದಿನ ಸಂತಿಗಿ ಕೊನೀ ಕಂತ ಆಡದಿದ್ರ ಮಂದಿ ಥೇಟರಿಗೆ ಬೆಂಕಿ ಹಚ್ತಾರ. ಮಾಸ್ತರನ ಬುಕ್ಕ ಯಾರಿಗೂ ಓದಾಕ ಬರವಲ್ದು. ಕೀಲಿಕೈ ಯಾರ ಹತ್ರ ಅನ್ನೂದನ್ನ ಮೂರ ಸಲ ಬದಲಿ ಮಾಡಸೇನಿ, ಯಾವುದ ಖರೆ ಕತಿ, ಯಾವುದ ಬದಲಿ ಮಾಡಿದ್ದು, ನನಗ ತಿಳೀವಲ್ದು. ನೀ ವಿಂಗಿನಾಗ ಕುಂದರು. ಪರದೆ ಮ್ಯಾಲ ನಿನ್ನ ಹೆಸರ ಬರಸ್ತೀನಿ."

"ಈಗ ಪೇಂಟರ ಎಲ್ಲಿ ಸಿಗತಾನ್ರಿ? ಬಿಡ್ರಿ. ಕುಂದರ್ತೀನಿ" ಎಂದೆ. ಇಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ಅವನು ಹೆದರಬೇಕಿತ್ತು. ಗಿರಾಕಿ ಚೌಕಾಶಿ ಮಾಡದೆ ಒಪ್ಪಿದರೆ ಅವನ ಕೈಯನ್ನು ಇನ್ನೊಮ್ಮೆ ನೋಡಬೇಕು. ಇದೂ ಒಂದು ಬುದ್ಧಿಮಾತೇ.

ಸಂತೆಯ ದಿನ ಥೇಟರು ಕಿಕ್ಕಿರಿದಿತ್ತು. ವಿಂಗಿನ ಮರೆಯಲ್ಲಿ ಮಾಸ್ತರರ ಕಟ್ಟಿಗೆ ಪೆಟ್ಟಿಗೆಯ ಮೇಲೆ ಕೂತೆ. ಬುಕ್ಕಿಗೆ ದಾರದಿಂದ ಪೆನ್ಸಿಲು ಕಟ್ಟಿತ್ತು. ತೆರೆದು ನೋಡಿದರೆ ಪುಟ ಪುಟಕ್ಕೂ ಚೀಟಿ. ಮಾಲಕ ಬದಲಿಸಿದ್ದನ್ನೆಲ್ಲ ಮಾಸ್ತರರು ಚೀಟಿಯಲ್ಲಿ ಬರೆದು ಮೇಲೆ ಅಂಟಿಸಿದ್ದರು. ಕೆಳಗಿನ ಮೂಲ ಕತೆಯ ಒಂದು ಅಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಚೀಟಿಗಳ ಮೇಲಿನ ಅಂಚಿಗೆ ಮಾತ್ರ ಅಂಟು. ಎತ್ತಿದರೆ ಕೆಳಗೆ ನನ್ನ ಕತೆ ಹಾಗೇ ಇತ್ತು.

ಎಲ್ಲರಿಗೂ ಸರಿಯಾಗಿ ಮಾತು ಎತ್ತಿಕೊಟ್ಟೆ. ಬಾಯಿಯವರಿಗೆ ಒಂದು ಶಬ್ದವೂ ತಪ್ಪದಂತೆ ನೋಡಿಕೊಂಡೆ. ಕೊನೆಯ ಪ್ರವೇಶ ಬಂತು. ಸಾವ್ಕಾರ ಸಾಯುವ ಮಂಚದಿಂದ ಎದ್ದು ನಿಂತು, ಎರಡನೆಯ ಕೀಲಿಕೈ ಯಾರ ಹತ್ತಿರ ಇದೆ ಎಂದು ತನಗೆ ಮೊದಲಿನಿಂದಲೂ ಗೊತ್ತಿತ್ತು ಎನ್ನಬೇಕು. ಮಾಲಕ ಎದ್ದ. "ಎರಡನೇ ಕೀಲಿಕೈ..." ಎಂದು ವಿಂಗಿನ ಕಡೆ ಕಿವಿ ಕೊಟ್ಟ.

ನಾನು ಬುಕ್ಕು ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ.

"ಎರಡನೇ ಕೀಲಿಕೈ..." ಇನ್ನೊಮ್ಮೆ ಅಂದ. ಅವನ ಕಣ್ಣು ನನ್ನ ಕಣ್ಣಿಗೆ ಕೂಡಿತು. ಬಣ್ಣದ ಮೇಲೆ ಬೆವರಿನ ಗೆರೆ ಇಳಿಯುತ್ತಿತ್ತು. ನಟರ ಮುಂದೆ ನಕ್ಕವನು ಊರ ಮುಂದೆ ಬಾಯಿ ತೆರೆದು ನಿಂತಿದ್ದ. ನಾನು ಟಾವೆಲ್ಲು ತೆಗೆದು ಬುಕ್ಕಿನ ಮೇಲೆ ಹಾಸಿದೆ, ಅವನಿಗೆ ಕಾಣುವ ಹಾಗೆ. ಅದರ ಮೇಲೆ ಕೈ ಇಟ್ಟೆ.

ಆಗ ಅವನಿಗೆ ತಿಳಿಯಿತು. ಎರಡೂ ಕೈ ಜೋಡಿಸಿ ದೊಡ್ಡ ಗಂಟಲಿನಲ್ಲಿ ಕೂಗಿದ: "ಹೇಳೋ ನನ್ನಪ್ಪಾ! ಈ ಕತಿ ನಿಂದು! ನನ್ನದಲ್ಲ, ಮತ್ತ ಯಾರದೂ ಅಲ್ಲ. ಮೊದಲಿಂದ ನಿಂದ. ತಪ್ಪಾತು. ಮುಂದಿಂದು ನೀನ ಹೇಳು!"

ಅವನು ಆಡಿದ ಅಷ್ಟೂ ನಾಟಕಗಳಲ್ಲಿ ಅಷ್ಟು ಖರೆ ಮಾತು ಅವನ ಬಾಯಿಂದ ಬಂದಿರಲಿಲ್ಲ.

ನಾನು ಟಾವೆಲ್ಲು ಸರಿಸಿದೆ. ಪುಟ ತೆಗೆದೆ. ಆ ಮಾತಿನ ಮೇಲೆ ಮೂರು ಚೀಟಿ, ಒಂದರ ಮೇಲೊಂದು. ಮೂರನ್ನೂ ಎತ್ತಿ ಕೆಳಗಿನದನ್ನು ಓದಿ ಹೇಳಿದೆ: "ಹಿರೇ ಹೇಣ್ತಿ ಉಡ್ಯಾಗ ಐತಿ." ಅವನು ಅದನ್ನೇ ಹೇಳಿ ಮಂಚದ ಮೇಲೆ ಬಿದ್ದ. ಹೆಂಗಸರ ಕಡೆಯಿಂದ ಒಂದು ಕೂಗು ಎದ್ದಿತು, ಆಮೇಲೆ ಅಳು, ಆಮೇಲೆ ಚಪ್ಪಾಳೆ. ಅಳಿಯನ ಹೆಸರಿದ್ದ ಪರದೆ ಇಳಿಯಿತು.

ಹೊರಗೆ ಘೋಡಗೇರಿಯ ಗಾಡಿ ಹತ್ತುತ್ತಿದ್ದ ಹೆಂಗಸೊಬ್ಬಳು ಜೊತೆಯವಳಿಗೆ ಹೇಳುತ್ತಿದ್ದಳು: "ಸಾವ್ಕಾರ ಸಾಯೂಮುಂದ ಎಷ್ಟ ಚಂದ ಮಾಡಿದ ನೋಡವಾ. ಎಲ್ಲಾ ನಿಂದ, ನನ್ನದೇನೂ ಅಲ್ಲ ಅಂತ ದೇವರಿಗೆ ಕೈ ಮುಗದ. ನನಗ ಕಣ್ಣೀರ ತಡೀಲಿಲ್ಲ." ನಾನು ಆಕೆಯ ಎದುರಿಗೇ ನಿಂತಿದ್ದೆ. 'ಅವ ಕೈ ಮುಗಿದದ್ದು ನನಗೆ' ಎಂದು ಹೇಳಿದರೆ ಸರಿದು ನಿಲ್ಲೆನ್ನುತ್ತಿದ್ದಳು.

ಕಂಪನಿ ಹುಕ್ಕೇರಿಯಲ್ಲೇ ಮುರಿಯಿತು. ಮಾಲಕ ಊರಿಗೆ ಹೋದ. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ. ಹೊರಡುವ ಮುಂಚೆ ಬಾಯಿ ಆ ಬುಕ್ಕನ್ನು ತಂದು ನನ್ನ ಕೈಗಿಟ್ಟು, "ಸಮಾಧಾನ ಆತೇನ್ರಿ ಅಣ್ಣಾರ?" ಎಂದು ಕೇಳಿದರು. ಆಯಿತು ಎಂದೆ.

ಬುಕ್ಕು ನನ್ನ ಹತ್ತಿರವೇ ಇದೆ. ಎಲ್ಲ ಚೀಟಿ ಕಿತ್ತರೆ ನನ್ನ ಕತೆ ನನಗೆ ಪೂರ್ತಿ ಸಿಗುತ್ತದೆ. ಕೀಳಲು ಒಂದೆರಡು ಸಲ ಕುಳಿತಿದ್ದೇನೆ. ಪ್ರತಿಯೊಂದು ಚೀಟಿಯೂ ನಾನು ಡಬ್ಬಿ ಹತ್ತಿದ ಒಂದೊಂದು ಸಂತೆಯದು. ಕೊನೆಕೊನೆಯ ಚೀಟಿಗಳಲ್ಲಿ ಅಕ್ಷರ ನಡುಗಿವೆ. ಅವನ್ನು ಹಾಗೇ ಬಿಟ್ಟಿದ್ದೇನೆ.